ಉಚ್ಚೆಕಂಡಿ

"ಕೋಟೆ ನಿನ್ನ ಅಜ್ಜ ಕಟ್ಟಿಸಿದ್ದಾ ಬೇವರ್ಸಿ? ಮುಚ್ಚು ಅಂದ್ರೆ ಮುಚ್ಚಬೇಕು!"

ಗುತ್ತಿಗೆದಾರ ಚಿತ್ತರಂಜನ ಸಿಮೆಂಟಿನ ಬಾಣಲೆಯನ್ನು ಕಾಲಿನಿಂದ ಕಲ್ಲುಕೆಲಸದ ರಹ್ಮತನತ್ತ ತಳ್ಳಿದ.

ನೇತ್ರಾವತಿಯ ಕಡೆ ಮುಖಮಾಡಿದ ಗುಡ್ಡದ ಮೇಲಿನ ಆ ಕೋಟೆಯ ಗೋಡೆ ಒಂದಲ್ಲ, ಎರಡು. ಹೊರಗೊಂದು ಮುರಕಲ್ಲಿನ ಗೋಡೆ, ಒಳಗೊಂದು; ನಡುವೆ ಎಂಟಡಿ ದಪ್ಪದ ಕೆಂಪು ಮಣ್ಣು. ಮಳೆಗಾಲದಲ್ಲಿ ಮಣ್ಣು ಕುಡಿದ ನೀರು ಹೊರಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಬಿಟ್ಟ ನಲವತ್ತು ಕಂಡಿಗಳಿಂದ ಇಳಿದುಹೋಗುತ್ತಿತ್ತು. ಕಲ್ಲು ಕೆತ್ತುವವರು ತಲೆಮಾರುಗಳಿಂದ ಅವನ್ನು ಉಚ್ಚೆಕಂಡಿ ಎನ್ನುತ್ತಿದ್ದರು. ಪುರಾತತ್ವ ಇಲಾಖೆಯ ಹೊಸ ಫಲಕದಲ್ಲಿ ಮಾತ್ರ ಅವು ಸೈನಿಕರು ಗುಂಡು ಹಾರಿಸುವ ಕೋವಿಕಂಡಿಗಳಾಗಿದ್ದವು.

"ಹೊಸ ಗಾರೆ ಮೇಲೆ ಕೆಂಪು ನೀರು ಇಳಿದ್ರೆ ಅಸಹ್ಯ ಕಾಣ್ತದೆ" ಎಂದ ಇಂಜಿನಿಯರ್ ಶೆರ್ವಿನ್. "ಕಂಡಿಯ ಬಾಯಿ ಹಾಗೇ ಇರಲಿ, ಒಳಗೆ ಸಿಮೆಂಟ್ ತುಂಬು. ಹೇಗೂ ಈಗ ಯುದ್ಧ ಇಲ್ಲ."

"ಕೋವಿಕಂಡಿ ಅಲ್ಲ ಸರ್, ಇದು ಉಚ್ಚೆಕಂಡಿ" ಎಂದ ರಹ್ಮತ್. "ಹಿಂದೆ ಎಂಟಡಿ ಮಣ್ಣುಂಟು. ಸೈನಿಕ ಎಲ್ಲಿ ನಿಲ್ಲುದು? ಹೂತುಕೊಂಡು ನಿಲ್ಲುದಾ?"

ಕೆಲಸದವರು ಕಿಸಕ್ಕನೆ ನಕ್ಕರು. ಶೆರ್ವಿನ್ ಮುಖ ಕೆಂಪಾಯಿತು.

"ಎಷ್ಟು ಓದಿದ್ದಿ?"

"ನಾಲ್ಕನೇ ಕ್ಲಾಸ್."

"ಹಾಗಾದ್ರೆ ಆ ಫಲಕ ಓದು. ಎಲ್ಲರಿಗೂ ಕೇಳ್ಬೇಕು."

ರಹ್ಮತ್ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಒತ್ತಕ್ಷರಗಳಲ್ಲಿ ತಡವರಿಸಿದಾಗಲೆಲ್ಲ ಚಿತ್ತರಂಜನ ಮೊದಲಿನಿಂದ ಓದಿಸಿದ.

"ಈಗ ಹೇಳು ಮಾರಾಯ, ಇದು ಎಂತ?" ಚಿತ್ತರಂಜನ ಕೇಳಿದ.

"ಕೋವಿಕಂಡಿ ಸರ್."

"ಹಾಂ. ಮುಚ್ಚದಿದ್ರೆ ಕೆಳಗಿನ ನಿನ್ನ ಮನೆಯನ್ನೂ ಕೋಟೆಯ ಜಾಗಕ್ಕೆ ಸೇರಿಸ್ತಾರೆ, ಗೊತ್ತುಂಟಲ್ಲ?"

ಮನೆಗೆ ಹಕ್ಕುಪತ್ರವಿರಲಿಲ್ಲ. ಗೋಡೆಯ ಕೆಳಗೇ ಇದ್ದ ಆ ಹಂಚಿನ ಮನೆಯಲ್ಲಿ ಅವನ ಉಮ್ಮ ಖತೀಜಮ್ಮ ಇದ್ದಳು. ನಲವತ್ತು ಕಂಡಿಗಳನ್ನೂ ಅವನೇ ಮುಚ್ಚಿದ.

ಜುಲೈಯ ಮಳೆಗೆ ಗೋಡೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತು. ರಹ್ಮತ್ ಇಲಾಖೆಯ ಕಚೇರಿಗೆ ಹೋಗಿ ಕಂಡಿ ತೆಗೆಯಬೇಕೆಂದ. ಸ್ಮಾರಕ ಮುಟ್ಟಿದರೆ ಜೈಲು ಎಂದರು. ಮೂರನೆಯ ದಿನ ಅವನ ಮನೆಯ ಬಾಗಿಲಿಗೆ ನೋಟೀಸು ಅಂಟಿಸಿದರು: ಕೆಳಗಿನ ನಿವಾಸಿಗಳು ಅಡಿಪಾಯ ಅಗೆದದ್ದರಿಂದ ಗೋಡೆ ಸಡಿಲಗೊಂಡಿದೆ, ಕೂಡಲೇ ಮನೆ ತೆರವು ಮಾಡತಕ್ಕದ್ದು.

"ತೊಕ್ಕೊಟ್ಟಿಗೆ ಹೋಗುವ ಉಮ್ಮಾ, ತಂಗಿಯ ಮನೆಗೆ."

"ಕಚೇರಿಯವ ಬೀಗ ಹಿಡ್ಕೊಂಡೇ ಅಂಗಳದಲ್ಲಿ ನಿಂತಿದ್ದಾನೆ, ಕಾಣುದಿಲ್ವಾ? ನಾನು ಹೊಸ್ತಿಲು ದಾಟಿದ್ರೆ ಮತ್ತೆ ಒಳಗೆ ಬಿಡುದಿಲ್ಲ" ಎಂದು ಖತೀಜಮ್ಮ ಬಾಗಿಲ ದಾರಂದದ ಚೌಕಟ್ಟಿಗೆ ಒರಗಿ ಕುಳಿತಳು.

ರಹ್ಮತ್ ಹಾರೆ ತೆಗೆದುಕೊಂಡು ಗೋಡೆಯ ಬುಡಕ್ಕೆ ಹತ್ತಿದ. ಮಳೆ ಹೊಯ್ಯುತ್ತಿತ್ತು. ಮೊದಲ ಕಂಡಿಯ ಸಿಮೆಂಟು ಒಡೆದಾಗ ಕೆಂಪು ನೀರು ಅವನ ಎದೆಗೆ ಬಡಿಯಿತು. ಎರಡು, ಮೂರು, ನಾಲ್ಕು.

"ಏಯ್! ಸ್ಮಾರಕ ಹಾಳು ಮಾಡ್ತಾನೆ, ಹಿಡೀರಿ ಅವನನ್ನು!" ಚಿತ್ತರಂಜನ ಮೆಟ್ಟಿಲ ಮೇಲಿಂದ ಕೂಗಿದ. ಶೆರ್ವಿನ್ ಮೊಬೈಲ್ ಎತ್ತಿ ಚಿತ್ರೀಕರಿಸತೊಡಗಿದ.

"ತೆಗೀರಿ ಸರ್, ಸರಿ ತೆಗೀರಿ! ಇದು ಉಚ್ಚೆಕಂಡಿ! ನಿಮ್ಮಪ್ಪನಾಣೆ ಉಚ್ಚೆಕಂಡಿ!"

ಐದು. ಆರು. ಇಬ್ಬರು ಕಾವಲುಗಾರರು ಹಿಂದಿನಿಂದ ಅವನ ಸೊಂಟ ಹಿಡಿದರು. ಕೊಸರಿಕೊಂಡು ಏಳನೆಯದಕ್ಕೆ ಹಾರೆ ಹೊಡೆದ.

ನೀರು ಬರಲಿಲ್ಲ. ಮಣ್ಣು ಬಂತು. ಮೊದಲು ಮುಷ್ಟಿಯಷ್ಟು, ಆಮೇಲೆ ನಿಲ್ಲದೆ.

ಮೇಲೆ ಗೋಡೆಯ ಕಲ್ಲು ಅಲುಗಿದ್ದೇ ಕಾವಲುಗಾರರು ಅವನನ್ನು ಬಿಟ್ಟು ಓಡಿದರು.

"ಉಮ್ಮಾ, ಹೊರಗೆ ಬಾ!"

ಕೆಳಗೆ ಖತೀಜಮ್ಮ ಮಗನ ಕೂಗು ಕೇಳಿದಳು. ಅಂಗಳದಲ್ಲಿ ಬೀಗ ಹಿಡಿದು ನಿಂತವನನ್ನು ನೋಡಿದಳು. ದಾರಂದವನ್ನು ಎರಡೂ ಕೈಯಿಂದ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.