ಕೆಂಪು ಮುಚ್ಚಳದ ಸಕ್ಕರೆ

ಪುಡಿಭಾವ ಲ್ಯಾಬಿಗೆ ಬಂದನೆಂದರೆ ಮೊದಲು ಒಳಗೆ ಬರುತ್ತಿದ್ದುದು ಅವನ ಗಂಟಲು, ಆಮೇಲೆ ಹೊಟ್ಟೆ, ಕಟ್ಟಕಡೆಗೆ ರಕ್ತದ ಟ್ಯೂಬುಗಳ ಚೀಲ. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ಕಿರಿಯವಳು ಎದ್ದು ನಿಲ್ಲುತ್ತಿದ್ದಳು. ಮನಸ್ಸು ಮಾತ್ರ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಅವಳ ಕೆಲಸ ಸಕ್ಕರೆ ಅಳೆಯುವ ಯಂತ್ರದ ಮುಂದೆ. ಅವನದು ಊರಿನ ಇನ್ನೊಂದು ತುದಿಯಲ್ಲೊಂದು ಅಂಗಡಿ. ಬೆಳಿಗ್ಗೆ ಏಳಕ್ಕೆ ಜನರ ರಕ್ತ ತೆಗೆಯುವುದು, ಅವರಿಗೇ ಸಕ್ಕರೆ ಇಳಿಸುವ ಕಂದು ಪುಡಿ ಮಾರುವುದು, ಮಧ್ಯಾಹ್ನ ಉಂಡು ತೇಗುತ್ತ ಟ್ಯೂಬುಗಳನ್ನು ಲ್ಯಾಬಿಗೆ ತರುವುದು. 'ಕಣಕಣಕ್ಕೂ ಶಕ್ತಿ' ಎಂದು ಅಂಗಡಿಯ ಬೋರ್ಡಿನಲ್ಲಿ ಬರೆಸಿದ್ದ. ಕಣವೆಂದರೇನು, ಶಕ್ತಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಕೆಮ್ಮು ಬರುತ್ತಿತ್ತು.

ವಿಚಿತ್ರವೆಂದರೆ, ಅವನ ಗಿರಾಕಿಗಳ ಸಕ್ಕರೆ ನಿಜಕ್ಕೂ ಕಡಿಮೆ ಬರುತ್ತಿತ್ತು. ಚಿಕ್ಕಮ್ಮನದೂ. ತಾಯಿಯಿಲ್ಲದ ಅಕ್ಕತಂಗಿಯರನ್ನು ಸಾಕಿದ ಚಿಕ್ಕಮ್ಮ ಆ ವರದಿ ನಂಬಿ ಎರಡು ತಿಂಗಳಿಂದ ಮಾತ್ರೆ ಬಿಟ್ಟಿದ್ದಳು. ಕಾಲಿನ ಹೆಬ್ಬೆರಳ ಗಾಯ ಮಾತ್ರ ಆರುವ ಮಾತೇ ಎತ್ತುತ್ತಿರಲಿಲ್ಲ.

ಆ ಸೋಮವಾರ ಟ್ಯೂಬುಗಳನ್ನು ತೆಗೆದುಕೊಳ್ಳುವವಳಿಗೆ ರಜೆ. ಚೀಲ ನೇರ ಕಿರಿಯವಳ ಕೈಗೆ ಬಂತು. ತೆರೆದು ನೋಡಿದರೆ ಎಲ್ಲವೂ ಕೆಂಪು ಮುಚ್ಚಳದವು.

"ಸಕ್ಕರೆಗೆ ಬೂದು ಮುಚ್ಚಳದ್ದು ಬೇಕಲ್ವಾ ಭಾವ?"

"ಬೂದಿ ಬಣ್ಣ ಕಂಡ್ರೆ ಪೇಷೆಂಟು ಹೆದರ್ತಾರಮ್ಮ. ಕೆಂಪು ಲಕ್ಷಣವಾಗಿರತ್ತೆ. ಯಾವುದರಲ್ಲಿ ಹಾಕಿದ್ರೂ ರಕ್ತ ರಕ್ತವೇ ತಾನೆ?"

ಮುಚ್ಚಳ ಹಾಕಿದ ಮಾತ್ರಕ್ಕೆ ರಕ್ತ ಸಾಯುವುದಿಲ್ಲ. ಗವಿಯ ಬಾಯಿಗೆ ಬಂಡೆ ಬಿದ್ದು ಒಳಗೆ ಸಿಕ್ಕಿಕೊಂಡ ಹಸಿದ ಕುಳ್ಳರಂತೆ, ಕೆಂಪು ಕಣಗಳು ಸುತ್ತಲಿನ ಸಕ್ಕರೆಯನ್ನೇ ತಿನ್ನುತ್ತ ಕೂರುತ್ತವೆ. ಬೇರೆ ಜೀವಕೋಶಗಳಿಗೆ ಮೈಟೋಕಾಂಡ್ರಿಯವೆಂಬ ಒಲೆಯಿದೆ. ಉಸಿರಿನ ಗಾಳಿ ಹಾಕಿ ಉರಿಸಿದರೆ ಒಂದು ಗ್ಲೂಕೋಸಿಗೆ ಮೂವತ್ತರಷ್ಟು ಎಟಿಪಿ, ಅಂದರೆ ಮೂವತ್ತು ಚಿಟಿಕೆ ಶಕ್ತಿ. ಈ ಬಡಪಾಯಿಗಳಿಗೆ ಆ ಒಲೆಯಿಲ್ಲ. ಗ್ಲೂಕೋಸನ್ನು ಎರಡಾಗಿ ಸೀಳಿ, ಎರಡೇ ಚಿಟಿಕೆ ಗಿಟ್ಟಿಸಿಕೊಂಡು, ಉಳಿದದ್ದನ್ನು ಲ್ಯಾಕ್ಟಿಕ್ ಆಮ್ಲವಾಗಿ ಉಗುಳುತ್ತವೆ. ಬೂದು ಮುಚ್ಚಳದ ಟ್ಯೂಬಿನ ತಳದಲ್ಲಿರುವ ಫ್ಲೋರೈಡು ಅವುಗಳ ಬಾಯಿ ಕಟ್ಟುತ್ತದೆ. ಕೆಂಪಿನಲ್ಲಿ ಕಟ್ಟುವವರಿಲ್ಲ. ಭಾವ ಸ್ಕೂಟರನ್ನು ಬಿಸಿಲಿಗೆ ನಿಲ್ಲಿಸಿ ಉಣ್ಣುವಾಗ ಅವೂ ಉಣ್ಣುತ್ತಿದ್ದವು. ವ್ಯತ್ಯಾಸವಿಷ್ಟೇ, ಅವು ಉಂಡದ್ದಕ್ಕೆ ಒಂದಿಷ್ಟು ದುಡಿಯುತ್ತಿದ್ದವು.

ಮರುದಿನ ಏಳಕ್ಕೆ ಅವಳೇ ಅಂಗಡಿಗೆ ಹೋಗಿ, ಚಿಕ್ಕಮ್ಮನ ತೋಳಿನಿಂದ ಒಂದೇ ಸೂಜಿಯಲ್ಲಿ ಎರಡು ಟ್ಯೂಬು ತುಂಬಿಸಿದಳು: ಒಂದು ಕೆಂಪು, ಒಂದು ಬೂದು.

"ಎರಡನ್ನೂ ನೀವೇ ತನ್ನಿ ಭಾವ. ಯಾವಾಗ್ಲಿನ ಹಾಗೆ, ಆರಾಮಾಗಿ ಊಟ ಮುಗಿಸ್ಕೊಂಡು."

"ಅದೇನು ಹೇಳಿಸ್ಕೋಬೇಕಾ," ಎಂದ ಭಾವ. ಹೇಳಿಸಿಕೊಳ್ಳಬೇಕಾಗಿಯೇ ಇರಲಿಲ್ಲ.

ಮಧ್ಯಾಹ್ನ ಚಿಕ್ಕಮ್ಮ ಲ್ಯಾಬಿನ ಬೆಂಚಿನ ಮೇಲೆ ಕಾಲು ಚಾಚಿ ಕಾಯುತ್ತಿದ್ದಳು. ಯಂತ್ರ ಬೂದು ಟ್ಯೂಬಿಗೆ ಇನ್ನೂರ ಅರವತ್ತೊಂದು ಎಂದಿತು, ಕೆಂಪಿಗೆ ನೂರ ಎಂಬತ್ತಮೂರು. ಭಾವ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಎದೆ ಉಬ್ಬಿಸಿದ.

"ನೋಡಿದ್ಯಾ? ಕೆಂಪಲ್ಲಿ ಹೆಂಗಿಳಿದಿದೆ. ಪುಡಿ ಅಂದ್ರೆ ಪುಡಿ."

"ಮತ್ತೆ ಬೂದಲ್ಲಿ?"

"ಅದರೊಳಗೆ ನಿಮ್ಮ ಕೆಮಿಕಲ್ ಇದ್ಯಲ್ಲ, ಅದು ಪುಡಿಯ ಸತ್ವ ಹೀರಿಬಿಟ್ಟಿದೆ."

ಕಿರಿಯವಳಿಗೆ ನಗುವೂ ಬರಲಿಲ್ಲ. ನಗುವುದಕ್ಕೂ ಒಂದು ಯೋಗ್ಯತೆ ಬೇಕು. "ಒಂದೇ ತೋಳು, ಒಂದೇ ಸೂಜಿ. ಮುಚ್ಚಳದ ಬಣ್ಣ ನೋಡ್ಕೊಂಡು ಕೆಲಸ ಮಾಡತ್ತಾ ನಿಮ್ಮ ಪುಡಿ? ಕೆಂಪು ಟ್ಯೂಬಲ್ಲಿದ್ದ ರಕ್ತ ಕೂತ್ಕೊಂಡು ಸಕ್ಕರೆ ತಿಂದಿದೆ ಭಾವ. ನಿಮ್ಮ ಗಿರಾಕಿಗಳೆಲ್ಲರದ್ದೂ ಹಾಗೇ ತಿಂದಿದೆ."

ಚಿಕ್ಕಮ್ಮ ಇಬ್ಬರ ಮುಖವನ್ನೂ ನೋಡಿದಳು. "ಅದೆಲ್ಲ ಇರ್ಲಿ ಕಣೇ. ಇವೆರಡ್ರಲ್ಲಿ ನನ್ನ ಮೈಯೊಳಗಿರೋದು ಯಾವ್ದು?"

"ಬೂದಿನದು ಚಿಕ್ಕಮ್ಮ."

ಚಿಕ್ಕಮ್ಮ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಒಂದು ಗಳಿಗೆ ದಿಟ್ಟಿಸಿ, ಗೋಡೆ ಹಿಡಿದು ಎದ್ದಳು. ಅಳಿಯನತ್ತ ತಿರುಗಿ, ಅವನು ಮನೆಗೆ ಬಂದ ಹೊಸದರಲ್ಲಿ ಕೊಡುತ್ತಿದ್ದಷ್ಟೇ ಮರ್ಯಾದೆಯಿಂದ ಹೇಳಿದಳು:

"ಅಳಿಯಂದ್ರೇ, ನಿಮ್ಮ ಪುಡಿಯಿಂದ ಟ್ಯೂಬು ಗುಣ ಆಗಿದೆ. ಇನ್ನು ಮೇಲೆ ಅದಕ್ಕೇ ತಿನ್ನಿಸಿ."

ಆಮೇಲೆ ಕಿರಿಯವಳ ಭುಜದ ಮೇಲೆ ಭಾರ ಹಾಕಿ, ಡಾಕ್ಟರ ಕೋಣೆ ಯಾವ ಕಡೆ ಎಂದು ಕೇಳಿದಳು.