ಮುಖದ ಮೀನು

“ಕೈಗೇನು ಲಕ್ವ ಹೊಡೆದಿದ್ಯೇನೇ ಮುಂಡೆ? ಬೇಗ ಬೇಗ ಆರಿಸು.”

ಧಣಿ ಬೈದದ್ದು ಅಕ್ಕನನ್ನು. ಧಣಿಯ ದೋಣಿ ಮುಳುಗಿ ಅವಳ ಗಂಡ ತೀರಿಹೋದದ್ದು ಹೋದ ತಿಂಗಳು. ಅಕ್ಕನ ಪಾಲಿಗೆ ಮುಂಡೆ ಎಂಬುದು ಈಗ ಬರೀ ಬೈಗುಳವಾಗಿ ಉಳಿದಿರಲಿಲ್ಲ. ಪಕ್ಕದಲ್ಲೇ ತಂಗಿ ಮೀನು ಆರಿಸುತ್ತಿದ್ದಳು. ತಂಗಿಯ ಗಂಡ ಅದೇ ಧಣಿಯ ಇನ್ನೊಂದು ದೋಣಿಯಲ್ಲಿ ಸಮುದ್ರಕ್ಕೆ ಹೋಗಿದ್ದ.

ಶೆಡ್ಡಿನ ನೆಲದ ಮೇಲೆ ಸುರಿದಿದ್ದನ್ನು ಮೀನೆನ್ನಬೇಕೋ ಮೀನಿನ ಕೂಸೆನ್ನಬೇಕೋ. ತಂಗಿ ಮದುವೆಯಾಗಿ ಬಂದ ಹೊಸತರಲ್ಲಿ ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಬೇಕಾಗಿತ್ತು. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮುದಿ ಮೀನುಗಳು. ಬಲೆ ಮೊದಲು ಆ ಮುದುಕಿಯರನ್ನು ಬಳಿದುಕೊಂಡು ಹೋಯಿತು, ಆಮೇಲೆ ಅವುಗಳ ಮಕ್ಕಳನ್ನು. ಈಗ ಬರುವುದು ಒಮ್ಮೆಯೂ ಮೊಟ್ಟೆಯಿಡದ ಮರಿಗಳು. ದಡದ ಹತ್ತಿರ ಅವೂ ತೀರುತ್ತಾ ಬಂದಂತೆ ಧಣಿ ದೋಣಿಗಳನ್ನು ದೂರ ದೂರ ಅಟ್ಟಿದ. ಭಾವ ಹೋದದ್ದು ಹಾಗೆಯೇ.

ಮರಿಗಳೇ ಬರುತ್ತಿದ್ದರೆ ಮೀನು ಹಿಡಿಯುವುದನ್ನು ಮೀನುಗಾರಿಕೆ ಇಲಾಖೆಯ ಸಾಹೇಬರು ನಿಲ್ಲಿಸಬೇಕು, ಅದು ಕಾನೂನು. ಅದಕ್ಕೇ ಅವರು ಬರುವ ದಿನ ಶೆಡ್ಡಿನಲ್ಲಿ ಬೇರೆಯದೇ ಕೆಲಸ. ಪೆಟ್ಟಿಗೆಗೆ ಮರಿಗಳನ್ನು ತುಂಬಿ, ಐಸು ಹರಡಿ, ಮೇಲೆ ದೊಡ್ಡ ಮೀನು ಜೋಡಿಸಬೇಕು. ಅದಕ್ಕೆ ಮುಖದ ಮೀನು ಅಂತ ಹೆಸರು. ಎಂದೋ ಸಿಕ್ಕ ಅವೇ ನಾಲ್ಕಾರು ಮೀನು, ಪ್ರತಿ ಸಲವೂ ಅವಕ್ಕೇ ಮೆರವಣಿಗೆ. ಜೋಡಿಸುವ ಕೈ ತಂಗಿಯದು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಜೋಡಿಸಿದ್ದಳು.

ಅವತ್ತೂ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದೇ ಬಂದು ಮೇಲಿನ ಮೀನನ್ನು ಅಳೆದರು. ಅದರ ಕಣ್ಣು ಕೊಳೆತು ಒಳಗಿಳಿದಿತ್ತು. ಅದನ್ನು ನೋಡಿಯೂ ಅವರು ನಕ್ಕರು.

“ವಯಸ್ಸಾದ ಮೀನು ಚೆನ್ನಾಗೇ ಸಿಗ್ತಾ ಇದೆಯಲ್ಲ. ನಿಲ್ಲಿಸೋದೇನೂ ಬೇಕಾಗಿಲ್ಲ.”

ಧಣಿ ಹಲ್ಲು ಕಿರಿದ. ಹಾಗಾದರೆ ಸಮುದ್ರದಲ್ಲಿರುವ ದೋಣಿಗೆ ಇನ್ನೂ ಆಚೆ ಹೋಗಲು ಹೇಳುತ್ತೇನೆ ಅಂದ.

ಆ ದೋಣಿಯಲ್ಲೇ ತಂಗಿಯ ಗಂಡ. ಬಾಯಿ ಬಿಟ್ಟರೆ ಶೆಡ್ಡು ಮುಚ್ಚುತ್ತದೆ, ಇಲ್ಲಿ ಕೂತ ಅಷ್ಟೂ ಹೆಂಗಸರ ಹೊಟ್ಟೆಗೆ ಹೊಡೆತ. ಬಿಡದಿದ್ದರೆ ಗಂಡ ಉಳಿಯುವುದಿಲ್ಲ. ಯಾವುದಕ್ಕೆ ಹೆಚ್ಚು ಹೆದರಬೇಕೋ ತಿಳಿಯಲಿಲ್ಲ. ಬೇಡ ಕಣೆ ಎಂದು ಅಕ್ಕ ಸೆರಗು ಜಗ್ಗುವಷ್ಟರಲ್ಲಿ ಅವಳು ಪೆಟ್ಟಿಗೆಯನ್ನು ಉರುಳಿಸಿಯಾಗಿತ್ತು. ಮರಿಗಳೆಲ್ಲ ಸಾಹೇಬರ ಬೂಟಿನ ಮೇಲೆ ಸುರಿದವು.

“ಇವಕ್ಕೆ ವಯಸ್ಸೆಷ್ಟು ಸ್ವಾಮಿ?” ಅಂದಳು.

ಸಾಹೇಬರು ಬೂಟು ಕೊಡವಿಕೊಂಡರು. ಧಣಿ ಹೊಡೆಯಲಿಲ್ಲ, ಬೈಯಲೂ ಇಲ್ಲ. ಗೋಡೆಯ ಮೇಲಿನ ವೈರ್‌ಲೆಸ್ ಎತ್ತಿ ಆ ದೋಣಿ ನಡೆಸುವವನನ್ನು ಕರೆದ.

“ಪೆಟ್ಟಿಗೆ ಜೋಡಿಸೋಳ ಗಂಡ ಏನು ಮಾಡ್ತಾ ಇದ್ದಾನೋ?”

“ದೋಣಿ ಅಂಚಲ್ಲಿ ನಿಂತು ಬಲೆ ಎಳೀತಾ ಇದ್ದಾನೆ ಧಣಿ.”

“ಒಬ್ಬನೇನಾ?” ಧಣಿ ಅವಳನ್ನೇ ನೋಡುತ್ತ ಕೇಳಿದ.

ಅವಳು ಎರಡನೆಯ ಪೆಟ್ಟಿಗೆಯನ್ನೂ ಉರುಳಿಸಲು ಹಿಡಿದಳು.