ಮೋತ್ಯಾನಿಗೆ ಕತ್ತರಿ ಬಿದ್ದದ್ದು

“ನಾಯಿ ಒಯ್ಯಾಕ ಬಾ ಅಂದಿ, ಇಲ್ಲಿ ನೋಡಿದ್ರ ಬೋಳ ಕುರಿ ಕುಂತೈತಲ್ಲವ್ವಾ ಯಶೀ!”

ಪರಮಾನಂದ ಟಂಟಂ ಗಾಡಿಯನ್ನು ಬೇವಿನ ನೆರಳಿಗೆ ಹಚ್ಚಿ, ಹೆಗಲ ಮೇಲಿನ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಲಚ್ಯಾಣದಿಂದ ಸಿಂದಗಿಯವರೆಗೆ ಬಿಸಿಲು ಅವನನ್ನು ಹುರಿದಿತ್ತು. ಅವನ ಬೆನ್ನ ಹಿಂದೆಯೇ, ಪರೀಕ್ಷೆಯ ಪೇಪರ್ ತಿದ್ದುವ ಕೆಲಸ ಮುಗಿಸಿ ಶಾಲೆಯಿಂದ ಬಂದ ತಂಗಿ ಯಶೋಧಾ, “ಯಾವ ಕುರಿ ಅಣ್ಣಾ?” ಎನ್ನುತ್ತ ಚಪ್ಪಲಿ ಬಿಟ್ಟವಳು ಒಳಗೆ ಇಣುಕಿದಳು. ಕೈಯಲ್ಲಿದ್ದ ಚೀಲ ಜಾರಿ ಕೆಳಗೆ ಬಿತ್ತು.

ಪಡಸಾಲೆಯ ಮೂಲೆಯಲ್ಲಿ ಮೋತ್ಯಾ ಕುಳಿತಿತ್ತು. ಬೆಳಿಗ್ಗೆ ಅವಳು ಹೋಗುವಾಗ ತೋಳದಂಥ ಮುಖ, ಕಪ್ಪು-ಬಿಳಿ ಕೂದಲಿನ ದೊಡ್ಡ ಮೈ, ಓಣಿಯ ಮಕ್ಕಳೆಲ್ಲ ಬೆರಗಾಗಿ ನೋಡುವ ನೀಲಿ ಕಣ್ಣು, ಎಲ್ಲ ಇದ್ದ ಹಸ್ಕಿ ನಾಯಿ. ಈಗ ತೊಗಲು ಗುಲಾಬಿಯಾಗಿ ಕಾಣುತ್ತಿತ್ತು. ಕತ್ತರಿ ಓಡಾಡಿದ ಗೆರೆಗಳು ಮೈತುಂಬ ಮೆಟ್ಟಿಲು ಮೆಟ್ಟಿಲಾಗಿ ಉಳಿದಿದ್ದವು. ಬಾಲವೊಂದು ಮಾತ್ರ ಮೊದಲಿನಂತೆ ದಪ್ಪಗೆ, ಯಾರದೋ ಬಾಲ ತಂದು ಅಂಟಿಸಿದ ಹಾಗೆ.

“ಅತ್ತೀ!”

ಯಲ್ಲವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. ಅವಳು ಯಶೋಧಾಳ ಗಂಡನ ತಾಯಿ, ಅಣ್ಣ-ತಂಗಿ ಇಬ್ಬರಿಗೂ ಸೋದರತ್ತೆ.

“ನಾನ ಮಾಡ್ಸೇನಿ. ಕನ್ನೊಳ್ಳಿ ಖಂಡೆಪ್ಪ ಓಣ್ಯಾಗ ಕುರಿ ಉಣ್ಣೆ ಕತ್ತರ್ಸಾಕ ಬಂದಿದ್ದ. ಬ್ಯಾಸಗಿ ಬಂತಂದ್ರ ಕುರಿಗೇನ ಮಾಡ್ತಾರ, ಅದನ್ನ ಇದಕ್ಕೂ ಮಾಡಪ್ಪಾ ಅಂದ್ನಿ. ನಾಕೂ ಕಾಲು ಕಟ್ಟಿ ಮಲಗ್ಸಿದ್ರ ಪಾಪ, ಕಚ್ಚಲಿಲ್ಲ, ಬೊಗಳಲಿಲ್ಲ. ಊಂ ಊಂ ಅಂತ ನನ್ನ ಜೋಡಿ ಮಾತಾಡ್ಕೋತ ಮಾಡಿಸ್ಕೊಂತು.”

“ಮತ್ತ ಈ ಚೀಲದಾಗ ಏನೈತಿ?” ಪರಮಾನಂದ ಬಾಗಿಲ ಹಿಂದಿನ ಗೋಣಿಚೀಲವನ್ನು ಕಾಲಿನಿಂದ ಸರಿಸಿ ನೋಡಿದ.

“ಅದರ ಉಣ್ಣೆ. ಬೀಸಾಡಾಕ ಮನಸಾಗಲಿಲ್ಲ.”

“ಕಂಬಳಿ ನೇಯಿಸ್ತಿಯೇನು?”

“ನಗಬ್ಯಾಡೋ ಅಳಿಯಾ,” ಅಂದಳು ಯಲ್ಲವ್ವ. ಆಮೇಲೆ ಸೊಸೆಯ ಕಡೆ ನೋಡದೆ, “ಇಕಿ ದಿನಾ ಕೂದಲಾ ಕೂದಲಾ ಅಂತ ಅಳ್ತಿದ್ಲು. ಕೂದಲಾ ಹೋದ್ರ ನಾಯಿನ್ನ ಇಟ್ಕೋತಾಳ ಅಂತ ಮಾಡಿದ್ನಿ” ಅಂದಳು.

ಯಶೋಧಾ ಗೋಡೆಗೆ ಒರಗಿ ಕುಳಿತಳು. ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಅವಳ ಗಂಡ ಸುಭಾಸ ಒಬ್ಬ ಇಂಜಿನಿಯರ್ ಸಾಹೇಬರ ಜೀಪು ಓಡಿಸುತ್ತಿದ್ದ. ಸಾಹೇಬರಿಗೆ ದೂರದೂರಿಗೆ ವರ್ಗವಾದಾಗ, ಅವರ ಬಂಗಲೆಯಲ್ಲಿ ಎಸಿ ಕೆಳಗೆ ಮಲಗುತ್ತಿದ್ದ ನಾಯಿಯನ್ನು ಒಂದು ತಿಂಗಳ ಮಟ್ಟಿಗೆ ಅಂತ ಮನೆಗೆ ತಂದ. ತಂದವನು ಹೊಸ ಸಾಹೇಬರೊಂದಿಗೆ ಮತ್ತೆ ಜೀಪು ಹತ್ತಿದ. ನಾಯಿ ಯಶೋಧಾಳ ಪಾಲಿಗೆ ಬಂತು.

ಹಿಮದಲ್ಲಿ ಗಾಡಿ ಎಳೆಯುವ ಜಾತಿ ಅದು. ಸುಮ್ಮನೆ ಅಡ್ಡಾಡಿಸಿದರೆ ಸಾಲದು, ಓಡಬೇಕು. ಬಿಸಿಲೇರುವ ಮೊದಲೊಮ್ಮೆ, ಬಿಸಿಲಿಳಿದ ಮೇಲೊಮ್ಮೆ ಅದನ್ನು ಆಲಮೇಲ ರಸ್ತೆಗೆ ಕರೆದೊಯ್ಯದಿದ್ದರೆ ಅಂದು ಮನೆಯಲ್ಲಿ ಏನಾದರೊಂದು ಹೋಯಿತೆಂದೇ ಲೆಕ್ಕ. ದಿಂಬು ಹರಿಯಿತು, ಹಿತ್ತಲಿನ ಕರಿಬೇವಿನ ಗಿಡ ಬುಡಸಮೇತ ಎದ್ದಿತು, ಪಕ್ಕದ ಮನೆಯ ಎರಡು ಕೋಳಿಗಳ ಸಲುವಾಗಿ ಯಶೋಧಾ ಕೈ ಮುಗಿದು ಬಂದಳು. ಕೂದಲಂತೂ ಕಾಲ ಬಂದಾಗ ಹಿಡಿ ಹಿಡಿ ಉದುರುತ್ತಿತ್ತು. ರೊಟ್ಟಿ ಹಿಟ್ಟಿನಲ್ಲಿ ಕೂದಲು, ಚಹಾದಲ್ಲಿ ಕೂದಲು. ಅವಳು ಪಾಠ ಹೇಳುವ ಎರಡನೆಯ ಇಯತ್ತೆಯ ಮಕ್ಕಳು ಲೆಕ್ಕ ತೋರಿಸಲು ಬಂದವರು ಟೀಚರ್ ಸೀರೆಯ ಮೇಲಿನ ಕೂದಲು ಹೆಕ್ಕುತ್ತ ನಿಂತುಬಿಡುತ್ತಿದ್ದರು.

ಕೊನೆಗೆ ಅವಳೇ ಅಣ್ಣನಿಗೆ ಫೋನ್ ಮಾಡಿದ್ದಳು: ನಿಮ್ಮ ಹೊಲದಾಗ ಬಾವಿ ಐತಿ, ಓಡಾಕ ಜಾಗಾ ಐತಿ, ಒಯ್ದುಬಿಡು. ಭೀಮ ಜಯಂತಿ ಮುಗಿಸಿ ಬರ್ತೇನಿ ಅಂದಿದ್ದ ಅಣ್ಣ. ನಾಳೆ ಭಾನುವಾರ. ಹೊತ್ತೇರುವ ತನಕ ಮಲಗಬೇಕು ಅಂತ ವಾರದಿಂದ ಅದೊಂದನ್ನೇ ನೆನೆಸುತ್ತ ದಿನ ನೂಕಿದ್ದಳು.

“ಡಾಕ್ಟರಬಾಯಾರಿಗೆ ಒಂದು ಮಾತು ಕೇಳು,” ಅಂದ ಪರಮಾನಂದ. “ಹಾದ್ಯಾಗ ಏನರ ಆದ್ರ ನನ್ನ ತಲಿಗೆ ಬರ್ತೈತಿ.”

ದನದ ಡಾಕ್ಟರ್ ಸಂಘಮಿತ್ರಾ ಅವರ ದನಿ ಫೋನಿನಿಂದ ಪಡಸಾಲೆಯ ತುಂಬ ಕೇಳಿತು. “ಅಯ್ಯ ಟೀಚರ್ರ, ಎಂಥಾ ಕೆಲಸಾ ಆತ್ರಿ! ಆ ಕೂದಲಾ ಚಳಿಗಷ್ಟ ಅಲ್ರಿ, ಬಿಸಲಿಗೂ ಅದ ಅದಕ್ಕ ಛತ್ರಿ. ಉದುರೂದನ್ನ ಬಾಚಿ ತಗೀಬೇಕು, ಕತ್ತರಿ ಹಚ್ಚಬಾರದು.”

“ಈಗ ಹೊಲಕ್ಕ ಕಳಸ್ಬೇಕಂತ ಮಾಡಿದ್ವಿರಿ...”

“ಹೊಲಕ್ಕಾ? ಬ್ಯಾಡ್ರಿ, ತೊಗಲು ಸುಟ್ಟು ಹೋಗ್ತೈತಿ. ಮನಿಯೊಳಗ ಫರಸಿ ಕಲ್ಲಿನ ಮ್ಯಾಲ ಇಡ್ರಿ. ಫ್ಯಾನ್ ಹಚ್ರಿ, ಹೊಟ್ಟಿ, ಪಾದ ಆಗಾಗ ತೋಯಸ್ರಿ. ಒದ್ದಿ ಅರಿಬಿ ಮಾತ್ರ ಹೊಚ್ಚಬ್ಯಾಡ್ರಿ, ಒಳಗ ಝಳಾ ಆಗ್ತೈತಿ.”

“ಕೂದಲಾ ತಿರುಗಿ ಬರ್ತೈತೇನ್ರಿ?”

“ಬರಬಹುದು. ದೀಪಾವಳಿ ತನಕ ತಾಳ್ರಿ. ಮೊದಲಿನಂಗ ಬರ್ತೈತಿ ಅಂತ ಮಾತು ಕೊಡಾಂಗಿಲ್ಲ.”

ಯಶೋಧಾ ಫೋನ್ ಇಟ್ಟಳು. ಯಲ್ಲವ್ವ ಮೋತ್ಯಾನ ಬೆನ್ನ ಮೇಲೆ ಕೈಯಿಡಲು ಹೋಗಿ, ಹಿಟ್ಟು ನೆನಪಾಗಿ ಹಿಂದಕ್ಕೆ ತೆಗೆದುಕೊಂಡಳು. “ಕುರಿಗಿ ಆಗಿ ಬರ್ತೈತಲ್ಲವಾ,” ಅಂದಳು ತನ್ನಷ್ಟಕ್ಕೆ. “ಛಲೋದಾಗಲಿ ಅಂತ ಮಾಡಿದ್ನಿ.”

“ನಂದು ತಗಡು ಪತ್ರಾಸಿನ ಮನಿ, ಮಧ್ಯಾಹ್ನ ನಾವ ಒಳಗ ನಿಂದ್ರಂಗಿಲ್ಲ,” ಅಂದ ಪರಮಾನಂದ. “ಆದ್ರೂ ಬಾವಿ ಕಡೆ ಮರದ ಬುಡಕ ಕಟ್ಟಿದ್ರ... ನೀ ಹೇಳು ಯಶೀ. ಒಯ್ ಅಂದ್ರ ಒಯ್ತೇನಿ. ನಿನ್ನ ಮಾರಿ ನೋಡಿದ್ರ ನೀನೂ ಆರಾಮ ಇಲ್ಲ. ನಿನ್ನ ಗಂಡ ಏನಂತಾನ?”

“ಏನಂತಾರ, ಒಂದು ತಿಂಗಳ ಅಂತಾರ. ಎರಡು ವರ್ಷಾತು, ಆ ತಿಂಗಳ ಮುಗೀವಲ್ದು.”

ಅವಳ ದನಿ ಕೇಳಿ ಮೋತ್ಯಾ ಎದ್ದಿತು. ಅವಳು ಮನೆಗೆ ಬಂದಿದ್ದಾಳೆ, ಅಂದರೆ ಸಂಜೆಯಾಯಿತು, ಅಂದರೆ ಓಡುವ ಹೊತ್ತಾಯಿತು. ಮೊಳೆಗೆ ತೂಗುಹಾಕಿದ್ದ ಹಗ್ಗವನ್ನು ಬಾಯಲ್ಲಿ ಎಳೆದು ತಂದು ಅವಳ ಮುಂದೆ ಹಾಕಿ, ತನ್ನ ಸಣಕಲು ಮೈಯ ಪರಿವೆಯೇ ಇಲ್ಲದೆ ಊಂ-ಊಂ-ಊಂ ಎಂದು ರಾಗ ಎಳೆಯಿತು. ಯಾಕೆ ತಡ ಎಂದು ಕೇಳುವ ರಾಗ.

ಯಶೋಧಾ ಹಗ್ಗವನ್ನೇ ನೋಡಿದಳು. ಅದರ ಇನ್ನೊಂದು ತುದಿ ಅಣ್ಣನ ಕೈಗೆ ಕೊಟ್ಟರೆ ಇವತ್ತಿಗೆ ಎಲ್ಲ ಮುಗಿಯುತ್ತದೆ. ಮರದ ನೆರಳು ಮಧ್ಯಾಹ್ನಕ್ಕೆ ಸರಿಯುತ್ತದೆ. ಕಟ್ಟಿದ ನಾಯಿ ಸರಿಯಲಾರದು. ಅವಳು ಹಗ್ಗ ಸುತ್ತಿ ಮತ್ತೆ ಮೊಳೆಗೆ ಹಾಕಿದಳು.

“ಹೋಗ್ಲಿ ಬಿಡಣ್ಣಾ. ಗಾಡಿ ಖಾಲಿ ಒಯ್ದುಬಿಡು.”

“ವಿಚಾರ ಮಾಡಿ ಹೇಳಾಕತ್ತೀಯಿಲ್ಲೋ?”

“ವಿಚಾರ ಮಾಡಾಕ ಯಾರಿಗೆ ತ್ರಾಣ ಐತಿ?”

“ನಾಳಿಂದ ಮುಂಜಾನೆ ನಾ ಒಯ್ತೇನಿ ಅದನ್ನ,” ಅಂದಳು ಯಲ್ಲವ್ವ, ಮೆಲ್ಲಗೆ.

“ನಿನ್ನ ಮೊಣಕಾಲು ನೋವಿನ್ಯಾಗ? ಅದು ಒಮ್ಮೆ ಜಗ್ಗಿದ್ರ ನೀ ಆಲಮೇಲದಾಗ ಹೋಗಿ ಬೀಳ್ತಿ. ಗಪ್ ಕುಂದ್ರು ಅತ್ತಿ. ಚಹಾ ಮಾಡು, ಅಣ್ಣಾನೂ ಕುಡದು ಹೋಗ್ಲಿ. ಮತ್ತ ಇನ್ನ ಮ್ಯಾಲ ಮನಿಯಾಗ ಯಾವುದಕ್ಕಾರ ಕತ್ತರಿ ಹಚ್ಚೂ ಮೊದಲ ನನಗೊಂದು ಮಾತು ಹೇಳು.”

“ನಿನ್ನ ಗಂಡಗ ಹಚ್ಚೂದಿದ್ರೂ ಹೇಳ್ಬೇಕೇನು?” ಅಂದ ಪರಮಾನಂದ. ಯಲ್ಲವ್ವ ನಕ್ಕಳು, ಕಣ್ಣು ಒರೆಸಿಕೊಂಡಳು. ಕೆನ್ನೆಗೆ ಹಿಟ್ಟು ಹತ್ತಿತು.

ಖಾಲಿ ಟಂಟಂ ಸದ್ದು ಓಣಿಯ ತಿರುವಿನಲ್ಲಿ ಕರಗಿತು. ಯಶೋಧಾ ಫ್ಯಾನಿನ ಕೆಳಗೆ ಫರಸಿಗೆ ಒಂದು ಕೊಡ ನೀರು ಚೆಲ್ಲಿ, ಸೀರೆ ಬದಲಿಸದೆ ಅಲ್ಲೇ ಪಕ್ಕದಲ್ಲಿ ಚಹಾದ ಕಪ್ಪು ಹಿಡಿದು ಕುಳಿತಳು. ಮೋತ್ಯಾ ತಂಪು ನೆಲದಲ್ಲಿ ಹೊಟ್ಟೆ ಹಚ್ಚಿ ಹೊರಳಿತು, ಎದ್ದಿತು, ಕಿವಿಯಿಂದ ಬಾಲದವರೆಗೆ ಮೈ ಝಾಡಿಸಿತು. ಯಶೋಧಾಳ ಅಂಗೈ ರೂಢಿಯಂತೆ ತಾನಾಗಿಯೇ ಕಪ್ಪನ್ನು ಮುಚ್ಚಿತು. ನಾಲ್ಕು ಹನಿ ನೀರು ಕೈಯ ಮೇಲೆ ಬಿದ್ದವು. ಒಂದು ಕೂದಲೂ ಹಾರಲಿಲ್ಲ.